ಸಿಹಿ ಬಿಟ್ಟರೂ ಶುಗರ್ ಇಳಿಯುತ್ತಿಲ್ಲವೇ? ತಟ್ಟೆ, ಮೀಟರ್, ಮಾತ್ರೆ ಮೂರನ್ನೂ ಒಟ್ಟಿಗೆ ನೋಡೋಣ

ತಟ್ಟೆಲೆಕ್ಕ

ಶುಗರ್ ಇದೆ ಎಂದು ಗೊತ್ತಾದ ದಿನವೇ ಹೆಚ್ಚಿನವರು ಕಾಫಿ, ಟೀಗೆ ಸಕ್ಕರೆ ಹಾಕುವುದನ್ನು ನಿಲ್ಲಿಸುತ್ತಾರೆ. ಆದರೂ ಊಟವಾಗಿ ಎರಡು ಗಂಟೆಗೆ ನೋಡಿದರೆ 240, 260 ಇರುತ್ತದೆ. ಇನ್ನೇನು ಬಿಡಬೇಕು ಎಂದು ತಿಳಿಯದೆ ಕಂಗಾಲಾಗುತ್ತಾರೆ. ಈ ಎಳೆ ಅವರಿಗಾಗಿ.

ಒಂದು ಚಮಚ ಸಕ್ಕರೆ ಎಂದರೆ ಸುಮಾರು 4 ಗ್ರಾಂ. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಹಸಿದವರು ಒಂದು ಹೊತ್ತಿಗೆ 300 ಗ್ರಾಂ ಅನ್ನ ಉಣ್ಣುವುದು ಅಪರೂಪವಲ್ಲ. ಅಂದರೆ 84 ಗ್ರಾಂ. ಪಿಷ್ಟವೆಂದರೆ ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿಯೇ. ನಾಲಿಗೆಗೆ ಸಿಹಿ ಅನ್ನಿಸದಿದ್ದರೂ ಸಣ್ಣ ಕರುಳಿನಲ್ಲಿ ಅದು ಗ್ಲೂಕೋಸ್ ಆಗಿಯೇ ಬಿಡಿಸಿಕೊಳ್ಳುತ್ತದೆ. ಟೀಯಿಂದ ಎರಡು ಚಮಚ ತೆಗೆದದ್ದು 8 ಗ್ರಾಂ, ತಟ್ಟೆಯಲ್ಲಿ ಉಳಿದದ್ದು 84.

ಇನ್ನೊಂದು ಅಂಕಿ ನೆನಪಿಡಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ರೀಡಿಂಗ್ 100 ಮಿಗ್ರಾಂ/ಡೆಸಿಲೀಟರ್ ಇದ್ದಾಗ ಆ ಇಡೀ ರಕ್ತದಲ್ಲಿ ತೇಲುವ ಗ್ಲೂಕೋಸ್ ಕೇವಲ 5 ಗ್ರಾಂ. ಅಷ್ಟು ಸಣ್ಣ ಜಾಗಕ್ಕೆ ಎರಡು ಮೂರು ಗಂಟೆಯಲ್ಲಿ 84 ಗ್ರಾಂ ಬರುತ್ತದೆ. ಆರೋಗ್ಯವಂತರಲ್ಲಿ ಪ್ಯಾಂಕ್ರಿಯಾಸ್ ತಕ್ಷಣ ಶುಗರ್ ಇಳಿಸುವ ಹಾರ್ಮೋನ್ ಆದ ಇನ್ಸುಲಿನ್ ಬಿಡುತ್ತದೆ, ಲಿವರ್ ತನ್ನ ಕಡೆಯ ಗ್ಲೂಕೋಸ್ ಉತ್ಪಾದನೆ ತಗ್ಗಿಸುತ್ತದೆ, ಸ್ನಾಯುಗಳು ಬಂದದ್ದನ್ನು ಎಳೆದುಕೊಳ್ಳುತ್ತವೆ. ಹೆಚ್ಚಿನವರಿಗೆ ಇರುವ ಟೈಪ್ 2 ಮಧುಮೇಹದಲ್ಲಿ ಈ ಮೂರೂ ಸೊರಗಿರುತ್ತವೆ: ಇನ್ಸುಲಿನ್ ತಡವಾಗಿ, ಕಡಿಮೆಯಾಗಿ ಬರುತ್ತದೆ, ಲಿವರ್ ಅದರ ಮಾತು ಕೇಳುವುದಿಲ್ಲ, ಸ್ನಾಯು ಬಾಗಿಲು ತೆರೆಯುವುದಿಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಒಂದು ಹೊತ್ತಿನ ತಟ್ಟೆಯಲ್ಲಿ ಒಟ್ಟು ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂಬುದೇ ಮೊದಲ ಪ್ರಶ್ನೆ. ಯಾವ ಧಾನ್ಯ, ಯಾವ ಹಣ್ಣು ಎಂಬುದು ಆಮೇಲೆ.

ನಾರಿನಂಶ

ಮೊದಲ ಪ್ರಶ್ನೆ ಸರಿ, ಆದರೆ ಎರಡನೆಯದನ್ನು ಅಷ್ಟು ಹಗುರವಾಗಿ ಬಿಡಬೇಡಿ. ಬೇಯಿಸಿದ ಬೇಳೆ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೂ ಅದರಲ್ಲಿ 8 ಗ್ರಾಂನಷ್ಟು ನಾರು, ಜೊತೆಗೆ 9 ಗ್ರಾಂ ಪ್ರೋಟೀನ್. ಬೇಯಿಸಿದ ಆಲೂಗಡ್ಡೆ 100 ಗ್ರಾಂನಲ್ಲೂ ಅದೇ 20 ಗ್ರಾಂ, ನಾರು ಮಾತ್ರ 2 ಗ್ರಾಂ ಆಸುಪಾಸು. ಮೀಟರ್‌ನಲ್ಲಿ ಇವೆರಡೂ ಒಂದೇ ಥರ ಕಾಣುವುದಿಲ್ಲ. ಒಂದು ಆಹಾರ ಶುಗರನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ ಹುಟ್ಟಿದ್ದೇ ಈ ವ್ಯತ್ಯಾಸ ಹೇಳಲು. 1981ರಲ್ಲಿ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಅದನ್ನು ಮಂಡಿಸಿದರು. ಶುದ್ಧ ಗ್ಲೂಕೋಸ್ 100. 55 ಮತ್ತು ಅದರ ಕೆಳಗಿನದು ಕಡಿಮೆ. 70 ಮತ್ತು ಅದರ ಮೇಲಿನದು ಹೆಚ್ಚು.

ತಟ್ಟೆಲೆಕ್ಕ

ಒಪ್ಪುತ್ತೇನೆ, ಆದರೆ ಆ ಪಟ್ಟಿ ಇಟ್ಟುಕೊಂಡು ಜನ ಎಡವುವುದೂ ಅಲ್ಲೇ. ಪ್ರಯೋಗದಲ್ಲಿ ಸಾಮಾನ್ಯವಾಗಿ 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು ಆಹಾರವನ್ನು ಬರಿ ಹೊಟ್ಟೆಯಲ್ಲಿ, ಅದೊಂದನ್ನೇ ತಿನ್ನಿಸಿ ಅಳೆಯುತ್ತಾರೆ. ಕಲ್ಲಂಗಡಿಯಲ್ಲಿ 50 ಗ್ರಾಂ ಬೇಕೆಂದರೆ 650 ಗ್ರಾಂಗೂ ಹೆಚ್ಚು ಹಣ್ಣು ತಿನ್ನಬೇಕು. ಅದರ ಇಂಡೆಕ್ಸ್ 70ರ ಮೇಲಿದೆ ಎಂದು ಹೆದರಿ ಬಿಟ್ಟವರು ಬಹಳ ಮಂದಿ. 100 ಗ್ರಾಂ ತುಂಡಿನಲ್ಲಿ ಇರುವುದು ಏಳೂವರೆ ಗ್ರಾಂ. ಇಂಡೆಕ್ಸ್ ಅನ್ನು ಗ್ರಾಂನಿಂದ ಗುಣಿಸಿ 100ರಿಂದ ಭಾಗಿಸಿದರೆ ಬರುವ ಗ್ಲೈಸೆಮಿಕ್ ಲೋಡ್ ಐದಾರು ಮಾತ್ರ. 10ರ ಒಳಗಿದ್ದರೆ ಕಡಿಮೆ, 20 ದಾಟಿದರೆ ಹೆಚ್ಚು. ಇನ್ನೊಂದು ಕಡೆ, "ಕಡಿಮೆ ಇಂಡೆಕ್ಸ್ ಅಕ್ಕಿ" ಎಂದು ಚೀಲದ ಮೇಲೆ ಬರೆದದ್ದನ್ನು ನಂಬಿ ಎರಡು ಪಟ್ಟು ಉಂಡರೆ ಲೋಡ್ ಎಲ್ಲಿಗೆ ಹೋಯಿತು, ನೀವೇ ಗುಣಿಸಿ ನೋಡಿ.

ನಾರಿನಂಶ

ಅದು ಸರಿಯಾದ ಮಾತು. ಅದಕ್ಕೆ ಅಡುಗೆಯ ಕೈವಾಡವನ್ನೂ ಸೇರಿಸಿ. ನುಣ್ಣಗೆ ಹಿಟ್ಟು ಮಾಡಿದಷ್ಟೂ, ಮೆತ್ತಗೆ ಬೇಯಿಸಿದಷ್ಟೂ ಪಿಷ್ಟ ಬೇಗ ಬಿಡಿಸಿಕೊಳ್ಳುತ್ತದೆ. ಇಡೀ ಕಾಳಾಗಿ ಬೆಂದ ಓಟ್ಸ್‌ಗೂ ಎರಡು ನಿಮಿಷದ ಪುಡಿ ಓಟ್ಸ್‌ಗೂ ಇರುವ ವ್ಯತ್ಯಾಸ ಇದೇ. ಬೇಯಿಸಿ ತಣ್ಣಗಾದ ಅನ್ನ, ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುವುದು ನಿಜ, ಆದರೆ ಆ ಪಾಲು ಸಣ್ಣದು. ಅದನ್ನು ನೆಪ ಮಾಡಿ ಹೆಚ್ಚು ಉಣ್ಣಬೇಡಿ. ಹಾಗೆ ತಣಿಸುವುದಾದರೆ ಅಗಲ ಪಾತ್ರೆಯಲ್ಲಿ ಹರವಿ ಬೇಗ ಫ್ರಿಜ್‌ಗೆ ಇಡಿ. ಬೆಚ್ಚಗಿನ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ.

ಬಿಳಿಮೋಡ

ಒಂದು ಹೊತ್ತಿಗೆ ಎಷ್ಟು ಗ್ರಾಂ ಎಂದು ಇಟ್ಟುಕೊಳ್ಳಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಪಥ್ಯಾಲಯ

ಎಲ್ಲರಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ, ಅದಕ್ಕೇ ಬೇರೆ ಬೇರೆ ಕೇಳಿಸುತ್ತದೆ. ಪಥ್ಯ ತಜ್ಞರು 15 ಗ್ರಾಂ ಅನ್ನು ಒಂದು ಪಾಲು ಎಂದು ಎಣಿಸುತ್ತಾರೆ. ಕೂತು ಕೆಲಸ ಮಾಡುವ ಟೈಪ್ 2 ಇರುವವರು ಒಂದು ಊಟಕ್ಕೆ 30ರಿಂದ 45 ಗ್ರಾಂ, ಅಂದರೆ ಎರಡು ಮೂರು ಪಾಲಿನಿಂದ ಶುರು ಮಾಡಿ ಮೀಟರ್ ಏನು ಹೇಳುತ್ತದೆ ನೋಡುವುದು ಒಳ್ಳೆಯ ದಾರಿ. ಒಂದು ಪಾಲು ಎಂದರೆ ಸುಮಾರು 50-55 ಗ್ರಾಂ ಅನ್ನ, ಅಥವಾ ಒಂದು ಸ್ಲೈಸ್ ಬ್ರೆಡ್, ಅಥವಾ 75 ಗ್ರಾಂ ಬೇಯಿಸಿದ ಆಲೂಗಡ್ಡೆ, ಅಥವಾ ಅರ್ಧಕ್ಕಿಂತ ತುಸು ಹೆಚ್ಚು ಬಾಳೆಹಣ್ಣು. 240 ಮಿಲಿ ಹಾಲಿನಲ್ಲಿ 12 ಗ್ರಾಂ ಇದೆ. ಹಾಲನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ದಿನಕ್ಕೆ ಮೂರು ಲೋಟ ಕುಡಿಯುವವರು ಅದನ್ನು ಗಮನಿಸಲೇಬೇಕು.

ತೂಕದ ತಕ್ಕಡಿ ಇಲ್ಲದವರಿಗೆ ತಟ್ಟೆಯೇ ಅಳತೆ. 23 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಅರ್ಧ ಭಾಗ ಪಿಷ್ಟವಿಲ್ಲದ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯ ಅಥವಾ ಗೆಡ್ಡೆ. ಆಲೂಗಡ್ಡೆ, ಗೆಣಸು, ಮೆಕ್ಕೆಜೋಳದ ಕಾಳು ತರಕಾರಿಯ ಪಾಲಿಗೆ ಸೇರುವುದಿಲ್ಲ, ಅವು ಧಾನ್ಯದ ಕಾಲು ಭಾಗಕ್ಕೆ. ಹೆಚ್ಚಿನ ತಪ್ಪು ನಡೆಯುವುದು ಇಲ್ಲಿ: ಅನ್ನದ ಪಕ್ಕ ಆಲೂಗಡ್ಡೆ ಪಲ್ಯ ಇಟ್ಟು "ತರಕಾರಿ ತಿಂದೆ" ಅಂದುಕೊಳ್ಳುವುದು.

ಉಣ್ಣುವ ಕ್ರಮವೂ ಕೆಲಸ ಮಾಡುತ್ತದೆ. ತರಕಾರಿ ಮತ್ತು ಪ್ರೋಟೀನ್ ಮೊದಲು, ಹತ್ತು ನಿಮಿಷದ ನಂತರ ಅನ್ನ ಅಥವಾ ಬ್ರೆಡ್. ಹೊಟ್ಟೆ ಖಾಲಿಯಾಗುವ ವೇಗ ತಗ್ಗಿ, ಏರಿಕೆಯ ಶಿಖರ ತಗ್ಗುತ್ತದೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಿ.

ಮಾಪಕ

ಮೀಟರ್ ಹೇಳುತ್ತದೆ ಎಂದಿರಿ, ಸರಿಯಾಗಿ ಕೇಳಿದರೆ ಮಾತ್ರ ಹೇಳುತ್ತದೆ.

ಊಟದ ನಂತರದ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಿ, ಕೈ ತೊಳೆದ ಹೊತ್ತಿನಿಂದಲ್ಲ. ನಂತರದ್ದನ್ನು ಒಂದನ್ನೇ ನೋಡಿದರೆ ಅರ್ಧ ಮಾಹಿತಿ. ಊಟಕ್ಕೆ ಮೊದಲು 165, ಆಮೇಲೆ 195 ಇದ್ದರೆ ಆ ಊಟ ಏರಿಸಿದ್ದು 30 ಮಾತ್ರ, ತೊಂದರೆ ಊಟಕ್ಕೆ ಮೊದಲಿನದು. ಮೊದಲು 105, ಆಮೇಲೆ 195 ಆದರೆ ತೊಂದರೆ ಆ ತಟ್ಟೆಯದು. ಎರಡೂ ಕಡೆ ಕೊನೆಯ ಅಂಕಿ 195, ಮಾಡಬೇಕಾದ ಬದಲಾವಣೆ ಬೇರೆ ಬೇರೆ. ಅದಕ್ಕೇ ಜೋಡಿಯಾಗಿ ನೋಡಿ. ದಿನಕ್ಕೆ ಒಂದು ಹೊತ್ತು ಆರಿಸಿ, ಅದೇ ಊಟವನ್ನು ಎರಡು ಮೂರು ದಿನ ಪರೀಕ್ಷಿಸಿ, ಆಮೇಲೆ ಇನ್ನೊಂದು ಹೊತ್ತಿಗೆ ಹೋಗಿ. ಒಮ್ಮೆಗೆ ಒಂದನ್ನೇ ಬದಲಿಸಿ: ಅನ್ನ 150 ಗ್ರಾಂನಿಂದ 100 ಗ್ರಾಂಗೆ ಇಳಿಸಿದ ದಿನವೇ ಹೊಸದಾಗಿ ನಡಿಗೆ ಶುರು ಮಾಡಿದರೆ ಯಾವುದರಿಂದ ಇಳಿಯಿತು ಎಂದು ತಿಳಿಯುವುದಿಲ್ಲ.

ಕೈಯನ್ನು ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ. ಹಣ್ಣು ಸುಲಿದ ಬೆರಳಲ್ಲೇ ಚುಚ್ಚಿದರೆ ರೀಡಿಂಗ್ ಸುಳ್ಳಾಗಿ ಏರುತ್ತದೆ, ಒದ್ದೆ ಬೆರಳಾದರೆ ರಕ್ತ ತೆಳುವಾಗಿ ರೀಡಿಂಗ್ ಇಳಿಯುತ್ತದೆ. ಬೆರಳ ತುದಿಯ ನಡುವಿಗಿಂತ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಹನಿ ಬರಲಿಲ್ಲವೆಂದು ಬೆರಳು ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಕೆಡುತ್ತದೆ.

ಮನೆಯ ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 15197ರ 2013ರ ಆವೃತ್ತಿಯಂತೆ 100ರ ಮೇಲಿನ ರೀಡಿಂಗ್‌ಗಳಲ್ಲಿ ಶೇ 15ರಷ್ಟು, 100ರ ಕೆಳಗೆ 15 ಅಂಕಿಯಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ನಿಜವಾದದ್ದು 180 ಇದ್ದರೆ ಮೀಟರ್ 153ರಿಂದ 207ರ ನಡುವೆ ಏನನ್ನು ತೋರಿಸಿದರೂ ಅದು ಕೆಟ್ಟ ಮೀಟರ್ ಅಲ್ಲ. 172, 181 ಎಂಬ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳದೆ ಹಲವು ದಿನಗಳ ಓಟ ನೋಡಿ.

ಬಿಳಿಮೋಡ

ರಾತ್ರಿ ಬರೀ ತರಕಾರಿ, ಮೊಟ್ಟೆ ತಿಂದರೂ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ 150 ಬರುವುದು ಹೇಗೆ? ತಿನ್ನದೇ ಇದ್ದದ್ದು ಎಲ್ಲಿಂದ ಬಂತು?

ಪಥ್ಯಾಲಯ

ಲಿವರ್‌ನಿಂದ. ಊಟವಿಲ್ಲದ ಹೊತ್ತಿನಲ್ಲಿ ಮಿದುಳಿಗೆ ಗ್ಲೂಕೋಸ್ ಒದಗಿಸುವುದು ಅದರ ಕೆಲಸ. ನಸುಕಿನಲ್ಲಿ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನ್ ಏರುತ್ತವೆ, ಲಿವರ್ ಇನ್ನಷ್ಟು ಬಿಡುತ್ತದೆ. ಸಾಮಾನ್ಯರಲ್ಲಿ ಸ್ವಲ್ಪ ಇನ್ಸುಲಿನ್ ಬಂದು ಇದನ್ನು ಅಲ್ಲಿಗೇ ತಡೆಯುತ್ತದೆ, ಮಧುಮೇಹದಲ್ಲಿ ತಡೆಯುವುದಿಲ್ಲ. ಹಾಗಾಗಿ ಬೆಳಗಿನ ಅಂಕಿಗೆ ರಾತ್ರಿಯ ಊಟವನ್ನೇ ದೂರಿ ಉಪವಾಸ ಮಲಗುವುದರಲ್ಲಿ ಅರ್ಥವಿಲ್ಲ. ಲಿವರ್‌ನಲ್ಲಿ ತುಂಬಿದ ಕೊಬ್ಬು ಇಳಿದರೆ, ಅಂದರೆ ತೂಕ ಇಳಿದರೆ, ಈ ಅಂಕಿ ಇಳಿಯುತ್ತದೆ. ಮೆಟ್‌ಫಾರ್ಮಿನ್ ಎಂಬ ಶುಗರಿನ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದೂ ಲಿವರ್ ಮೇಲೆಯೇ.

ರಾತ್ರಿ ಎಣ್ಣೆ, ಚೀಸ್ ತುಂಬಿದ ಭಾರೀ ಊಟವಾಗಿದ್ದರೆ ಮಾತು ಬೇರೆ. ಕೊಬ್ಬು ಜೀರ್ಣವನ್ನು ನಿಧಾನ ಮಾಡುತ್ತದೆ. ಊಟವಾಗಿ ಎರಡು ಗಂಟೆಗೆ 150 ನೋಡಿ ಸಮಾಧಾನಪಟ್ಟವರಿಗೆ ನಾಲ್ಕೈದು ಗಂಟೆಗೆ 230 ಇರಬಹುದು.

ಮಾಪಕ

ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಗಿನ ಏರಿಕೆ ಕಂಡ ಕೂಡಲೇ ರಾತ್ರಿಯ ಡೋಸ್ ಏರಿಸಬಾರದು. ಎರಡು ಮೂರು ರಾತ್ರಿ ಅಲಾರಾಂ ಇಟ್ಟು 3 ಗಂಟೆಗೆ ಒಮ್ಮೆ ನೋಡಿ, ಬರೆದು ವೈದ್ಯರಿಗೆ ತೋರಿಸಿ. ಆ ಹೊತ್ತಿನಲ್ಲಿ 70ರ ಕೆಳಗಿದ್ದರೆ ಡೋಸ್ ಏರಿಸುವುದು ಅಪಾಯ.

ಔಷಧಪೆಟ್ಟಿಗೆ

ಈ ಎಳೆಯನ್ನು ಓದಿ ನಾಳೆಯಿಂದಲೇ ಅನ್ನ ಅರ್ಧ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾತ್ರೆಯ ಡೋಸ್ ನಿಮ್ಮ ಹಳೆಯ ಊಟಕ್ಕೆ ಹೊಂದಿಸಿದ್ದು. ಊಟ ಇಳಿದು ಡೋಸ್ ಹಾಗೇ ಉಳಿದರೆ ಶುಗರ್ ಕೆಳಗೆ ಬೀಳುತ್ತದೆ.

ಎಲ್ಲ ಔಷಧಿಗೂ ಈ ಭಯ ಒಂದೇ ಅಲ್ಲ. ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್‌ನಂಥವು ತಾವಾಗಿ ಶುಗರ್ ಬೀಳಿಸುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಊಟವಾಗಲಿ ಬಿಡಲಿ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹಿಂಡುತ್ತವೆ. ಇನ್ಸುಲಿನ್ ಚುಚ್ಚುಮದ್ದು, ಅದರಲ್ಲೂ ಮೊದಲೇ ಬೆರೆಸಿದ ಬಗೆ, ಹೊತ್ತಿಗೆ ಸರಿಯಾಗಿ ನಿಗದಿತ ಊಟ ಬೇಡುತ್ತದೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಊಟ ಬದಲಿಸುವ ಮೊದಲೇ ವೈದ್ಯರ ಜೊತೆ ಡೋಸ್ ಮಾತಾಡಿ.

70ರ ಕೆಳಗೆ ಇಳಿದರೆ, ಅಥವಾ ನಡುಕ, ಬೆವರು, ಎದೆ ಡವಗುಟ್ಟುವುದು, ತಬ್ಬಿಬ್ಬು ಕಂಡರೆ 15 ಗ್ರಾಂ ಬೇಗ ಸೇರುವ ಸಕ್ಕರೆ ಕೊಡಿ: ಮಟ್ಟಸವಾಗಿ ತುಂಬಿದ ನಾಲ್ಕು ಚಮಚ ಸಕ್ಕರೆ ಕದಡಿದ ನೀರು, ಅಥವಾ ಸುಮಾರು 150 ಮಿಲಿ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ, ಮುಂದಿನ ಊಟ ದೂರವಿದ್ದರೆ ಏನಾದರೂ ತಿನ್ನಿ. ಚಾಕೊಲೇಟ್ ಕೊಡಬೇಡಿ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರ ನಾಳಕ್ಕೆ ಹೋಗುತ್ತದೆ, ಆಂಬುಲೆನ್ಸ್ ಕರೆಸಿ.

ಬಹಳ ಮಂದಿಗೆ ತಿಳಿಯದ ಎರಡು ವಿಷಯ. ಅಕಾರ್ಬೋಸ್, ವೊಗ್ಲಿಬೋಸ್ ಮಾತ್ರೆ ಇರುವವರಿಗೆ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರ ಬಳಿ ಗ್ಲೂಕೋಸ್ ಪುಡಿ ಅಥವಾ ಗ್ಲೂಕೋಸ್ ಮಾತ್ರೆಯೇ ಇರಬೇಕು. ಎರಡನೆಯದು, ಬಿಪಿಗೆ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಮಾತ್ರೆ) ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತದ ಸೂಚನೆ ಮಸುಕಾಗುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ಮೀಟರ್ ಹಿಡಿಯಿರಿ.

ಶೂನ್ಯಪಿಷ್ಟ

ಇಷ್ಟೆಲ್ಲ ಎಣಿಸುವುದಕ್ಕಿಂತ ಕಾರ್ಬೋಹೈಡ್ರೇಟ್ ಪೂರ್ತಿ ಬಿಟ್ಟರೆ ಸುಲಭವಲ್ಲವೇ? ದಿನಕ್ಕೆ 20-30 ಗ್ರಾಂ ಒಳಗೆ ಇಟ್ಟವರ ರೀಡಿಂಗ್ ಬೇಗ ಇಳಿಯುವುದು ನಿಜ ತಾನೆ?

ಔಷಧಪೆಟ್ಟಿಗೆ

ಬೇಗ ಇಳಿಯುವುದು ನಿಜ. ಆದರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಹಾಗೆ ಮಾಡಲೇಬೇಡಿ. ಅವು ಗ್ಲೂಕೋಸನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅದರ ಮೇಲೆ ಕಾರ್ಬೋಹೈಡ್ರೇಟೂ ಇಲ್ಲವಾದರೆ, ಅಥವಾ ದೀರ್ಘ ಉಪವಾಸ ಮಾಡಿದರೆ, ದೇಹ ಕೊಬ್ಬು ಕರಗಿಸಿ ಕೀಟೋನ್ ಎಂಬ ಆಮ್ಲ ತುಂಬಿಕೊಂಡು ರಕ್ತ ಆಮ್ಲವಾಗಬಹುದು. ಇದರ ಭೀಕರತೆ ಏನೆಂದರೆ ಮೀಟರ್ 180 ತೋರಿಸುತ್ತಿದ್ದರೂ ಇದು ನಡೆಯಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ "ಶುಗರ್ ಸರಿಯಿದೆಯಲ್ಲ" ಎಂದು ಮನೆಯಲ್ಲಿ ಕೂರಬೇಡಿ. ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಕೇಳಿ, ಈ ಮಾತ್ರೆಯ ಹೆಸರು ಹೇಳಿ.

ಪಥ್ಯಾಲಯ

ಗರ್ಭಿಣಿಯರು, ಟೈಪ್ 1 (ದೇಹ ಇನ್ಸುಲಿನ್ ಮಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ ಬಗೆ) ಇರುವವರು ಕೂಡ ಇದನ್ನು ತಾವಾಗಿ ಪ್ರಯತ್ನಿಸಬಾರದು. ಕಿಡ್ನಿ ತೊಂದರೆ ಇರುವವರು ಅನ್ನದ ಜಾಗಕ್ಕೆ ಮಾಂಸ, ಮೊಟ್ಟೆ, ಪ್ರೋಟೀನ್ ಪುಡಿ ತುಂಬುವ ಮೊದಲು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಡಯಾಲಿಸಿಸ್ ಇಲ್ಲದ ಕಿಡ್ನಿ ಕಾಯಿಲೆಯಲ್ಲಿ ಸಾಮಾನ್ಯವಾಗಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಎಂಬ ಮಿತಿ ಇಡುತ್ತಾರೆ.

ಇವು ಯಾವುವೂ ಇಲ್ಲದವರು ಕಾರ್ಬೋಹೈಡ್ರೇಟ್ ಗಟ್ಟಿಯಾಗಿ ಇಳಿಸುವುದಕ್ಕೆ ನನ್ನ ವಿರೋಧವಿಲ್ಲ. ಎರಡು ವರ್ಷ ನಡೆಸಬಲ್ಲಿರಾ ಎಂಬುದೇ ಪ್ರಶ್ನೆ. ಎರಡು ತಿಂಗಳು 20 ಗ್ರಾಂನಲ್ಲಿ ಬದುಕಿ ಆಮೇಲೆ ಹಳೆಯದಕ್ಕೆ ಮರಳುವುದಕ್ಕಿಂತ 120 ಗ್ರಾಂನಲ್ಲಿ ನಿಲ್ಲುವುದು ಮೇಲು.

ಚೀಟಿ_ಓದುಗ

"ಶುಗರ್ ಫ್ರೀ" ಬಿಸ್ಕತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ಪೊಟ್ಟಣ ತಿರುಗಿಸಿ ಒಟ್ಟು ಕಾರ್ಬೋಹೈಡ್ರೇಟ್ ಎಂಬ ಸಾಲು ನೋಡಿ. "ಸಕ್ಕರೆ 0" ಎಂದಿದ್ದರೂ ಮೈದಾದಿಂದ ಮಾಡಿದ್ದಾದರೆ 100 ಗ್ರಾಂಗೆ 60-70 ಗ್ರಾಂ ಪಿಷ್ಟ ಇರುತ್ತದೆ. ಅಂಕಿ 100 ಗ್ರಾಂಗೋ, ಒಂದು ಸರ್ವಿಂಗ್‌ಗೋ ಎಂದೂ ನೋಡಿ. ಸರ್ವಿಂಗ್ ಎಂದು ಬರೆದದ್ದು ಎರಡೇ ಬಿಸ್ಕತ್ತು ಆಗಿರಬಹುದು. ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಕಂಡರೆ ಅದು ಗ್ಲೂಕೋಸ್‌ನಷ್ಟೇ ಬೇಗ ಏರಿಸುತ್ತದೆ. ಸಕ್ಕರೆಯ ಬದಲು ಸಿಹಿಗೆ ಹಾಕುವ ಮಾಲ್ಟಿಟಾಲ್ ಸಕ್ಕರೆಗಿಂತ ಕಡಿಮೆ ಏರಿಸಿದರೂ ಏರಿಸಿಯೇ ಏರಿಸುತ್ತದೆ, ಹೆಚ್ಚು ತಿಂದರೆ ಭೇದಿ. ಜೇನುತುಪ್ಪ, ಕಂದು ಸಕ್ಕರೆ ಎರಡನ್ನೂ ಸಕ್ಕರೆ ಎಂದೇ ಎಣಿಸಿ.

ನಾರಿನಂಶ

ಹಣ್ಣಿನ ರಸವನ್ನೂ ಆ ಸಾಲಿಗೆ ಸೇರಿಸಿ. ಒಂದು ಮಧ್ಯಮ ಕಿತ್ತಳೆಯಲ್ಲಿ ಸುಮಾರು 15 ಗ್ರಾಂ, ಒಂದು ಲೋಟ ಕಿತ್ತಳೆ ರಸದಲ್ಲಿ 26 ಗ್ರಾಂ ಆಸುಪಾಸು, ನಾರು ಹೆಚ್ಚುಕಡಿಮೆ ಇಲ್ಲ. ಶುಗರ್ ಬಿದ್ದಾಗ ಔಷಧಿಯಾಗಿ ಕೊಡುವುದನ್ನು ದಿನಾ ಬೆಳಿಗ್ಗೆ ಆರೋಗ್ಯಕ್ಕೆಂದು ಕುಡಿಯಬಾರದು. ಇಡೀ ಹಣ್ಣು ತಿನ್ನಿ, ಒಮ್ಮೆಗೆ ಒಂದು, ಊಟದ ಮೇಲೆ ಇನ್ನೊಂದು ಊಟದಂತೆ ಅಲ್ಲ.

ಬಿಳಿಮೋಡ

ಮೀಟರ್‌ನಲ್ಲಿ ಎಲ್ಲ ಚೆನ್ನಾಗಿದ್ದು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ಮಾತ್ರ 8.2 ಬಂದರೆ ಯಾವುದನ್ನು ನಂಬಬೇಕು?

ಮಾಪಕ

ಎಚ್‌ಬಿಎ1ಸಿ ಅಂಕಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಗ್ಲೂಕೋಸ್ ಸಿಗುತ್ತದೆ. 7 ಎಂದರೆ 154, 8.2 ಎಂದರೆ ಸುಮಾರು 189. ಮನೆಯಲ್ಲಿ ಬರಿ ಹೊಟ್ಟೆಯದ್ದನ್ನೇ ನೋಡುತ್ತಿದ್ದರೆ ಊಟದ ನಂತರದ ಏರಿಕೆ ತಪ್ಪಿಹೋಗಿರುತ್ತದೆ, ಮೊದಲು ಅದನ್ನು ಹುಡುಕಿ. ಅದೂ ಸರಿಯಿದ್ದರೆ ರಕ್ತಹೀನತೆ ಪರೀಕ್ಷಿಸಿ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಸುಳ್ಳಾಗಿ ಏರಬಹುದು. ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ, ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆಯಿದ್ದರೆ ಸುಳ್ಳಾಗಿ ಇಳಿಯುತ್ತದೆ. ಆ ಕೆಂಪು ಕಣದ ಆಯಸ್ಸನ್ನೇ ನೆಚ್ಚಿದ ಪರೀಕ್ಷೆ ಅದು.

ಮೂತ್ರದ ಸಕ್ಕರೆ ನೋಡಿ ತೀರ್ಮಾನಿಸಬೇಡಿ. ರಕ್ತದಲ್ಲಿ ಸುಮಾರು 180 ದಾಟುವವರೆಗೆ ಅದು ಸಾಮಾನ್ಯವಾಗಿ ಮೂತ್ರಕ್ಕೆ ಬರುವುದೇ ಇಲ್ಲ.

ಶೂನ್ಯಪಿಷ್ಟ

ಮಾತ್ರೆ ಪೂರ್ತಿ ಬಿಡುವ ಮಟ್ಟಕ್ಕೆ ಬರಬಹುದೇ, ಇಲ್ಲವೇ? ನೇರ ಉತ್ತರ ಬೇಕು.

ಪಥ್ಯಾಲಯ

ಟೈಪ್ 2ರಲ್ಲಿ ಕೆಲವರಿಗೆ ಬರಬಹುದು. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕಾಯಿಲೆ ಬಂದು ಆರು ವರ್ಷ ದಾಟದ, ಇನ್ಸುಲಿನ್ ತೆಗೆದುಕೊಳ್ಳದ, ಹೆಚ್ಚು ತೂಕದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವ ಆಹಾರ ಕೊಟ್ಟರು. ಶುಗರಿನ ಮತ್ತು ಬಿಪಿಯ ಮಾತ್ರೆಗಳನ್ನು ಶುರುವಿನಲ್ಲೇ ನಿಲ್ಲಿಸಿದ್ದರು. ಒಂದು ವರ್ಷದ ಕೊನೆಗೆ ಶೇ 46ರಷ್ಟು ಜನ ಮಾತ್ರೆಯಿಲ್ಲದೆ ಎಚ್‌ಬಿಎ1ಸಿ 6.5ರ ಕೆಳಗಿದ್ದರು, ಎರಡು ವರ್ಷಕ್ಕೆ ಶೇ 36. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಮೊದಲ ವರ್ಷದ ಕೊನೆಗೆ ಇದು ಶೇ 86. ಅಂದರೆ ಇಳಿದ ತೂಕವೇ ಇಲ್ಲಿ ಮಾತಾಡಿದ್ದು. ಮರಳಿ ತೂಕ ಏರಿದವರಲ್ಲಿ ಕಾಯಿಲೆಯೂ ಮರಳಿತು.

ಹಳೆಯ ಕಾಯಿಲೆಯವರಲ್ಲಿ, ತೆಳ್ಳಗಿರುವವರಲ್ಲಿ, ಪ್ಯಾಂಕ್ರಿಯಾಸ್ ಬಹಳ ಸೊರಗಿದವರಲ್ಲಿ ಈ ಸಾಧ್ಯತೆ ಕಡಿಮೆ. ಅದು ಅವರ ಶಿಸ್ತಿನ ಕೊರತೆ ಅಲ್ಲ, ಯಾರೂ ಅವರನ್ನು ಹಾಗೆ ಅನ್ನಬಾರದು. ಟೈಪ್ 1ರಲ್ಲಿ ಇನ್ಸುಲಿನ್ ಬಿಡುವಂತೆಯೇ ಇಲ್ಲ. ಯಾವ ಪಥ್ಯ, ಯಾವ ಕಷಾಯ ಹೇಳಿ ಯಾರು ಬಿಡಿಸಿದರೂ ಅದು ಜೀವಕ್ಕೆ ಕುತ್ತು. ಶುಗರ್ ಸಾಮಾನ್ಯಕ್ಕೆ ಬಂದವರೂ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ, ಕಣ್ಣಿನ ರೆಟಿನಾ, ಕಿಡ್ನಿ, ಪಾದದ ತಪಾಸಣೆ ಮುಂದುವರಿಸಬೇಕು.

ಬಿಳಿಮೋಡ

ಇನ್ನೊಂದೇ ಪ್ರಶ್ನೆ. ಮನೆಯವರೆಲ್ಲರಿಗೂ ಒಂದೇ ಪಾತ್ರೆಯಲ್ಲಿ ಅನ್ನ ಆಗುತ್ತದೆ. ನೀರು ಹೆಚ್ಚಾದರೆ ತೂಕವೂ ಹೆಚ್ಚುತ್ತದೆ. 100 ಗ್ರಾಂಗೆ 28 ಎಂಬ ಲೆಕ್ಕ ಆಗ ನಿಲ್ಲುತ್ತದೆಯೇ?

ತಟ್ಟೆಲೆಕ್ಕ

ನಿಲ್ಲುವುದಿಲ್ಲ. ಅದಕ್ಕೆ ಒಣ ಅಕ್ಕಿಯಿಂದ ಲೆಕ್ಕ ಹಾಕಿ. 100 ಗ್ರಾಂ ಒಣ ಅಕ್ಕಿಯಲ್ಲಿ ಸುಮಾರು 78-80 ಗ್ರಾಂ ಕಾರ್ಬೋಹೈಡ್ರೇಟ್. ಖಾಲಿ ಪಾತ್ರೆಯನ್ನು ಒಮ್ಮೆ ತೂಗಿ ಬರೆದಿಡಿ. 400 ಗ್ರಾಂ ಅಕ್ಕಿ ಹಾಕಿದರೆ ಪಾತ್ರೆಯಲ್ಲಿರುವುದು ಸುಮಾರು 316 ಗ್ರಾಂ. ಬೆಂದ ಮೇಲೆ ತೂಗಿ, ಪಾತ್ರೆಯ ತೂಕ ಕಳೆಯಿರಿ. 1,100 ಗ್ರಾಂ ಬಂದರೆ 100 ಗ್ರಾಂಗೆ 29. ಮೆತ್ತಗಾಗಿ 1,300 ಬಂದರೆ 24. ಗಂಜಿ ಬಸಿಯುವ ಮನೆಯಲ್ಲಿ ಸ್ವಲ್ಪ ಪಿಷ್ಟ ನೀರಿನೊಂದಿಗೆ ಹೋಗುತ್ತದೆ, ಬಹಳವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದೇ ಅಕ್ಕಿ, ಅದೇ ನೀರಿನ ಅಳತೆ ಇದ್ದರೆ ಒಂದು ವಾರ ತೂಗಿದರೆ ಸಾಕು. ಆಮೇಲೆ ನಿಮ್ಮ ಪಾಲು ತುಂಬುವ ಒಂದು ಬಟ್ಟಲು ಗುರುತು ಮಾಡಿಕೊಂಡು ಅದರಲ್ಲೇ ಬಡಿಸಿಕೊಳ್ಳಿ.

ಬಿಳಿಮೋಡ

ಬಟ್ಟಲನ್ನು ಒತ್ತಿ ತುಂಬುವುದೋ, ಸಡಿಲವಾಗಿಯೋ?

ತಟ್ಟೆಲೆಕ್ಕ

ಸಡಿಲವಾಗಿ, ಅಂಚಿಗೆ ಮಟ್ಟಸವಾಗಿ. ಒತ್ತಿ ತುಂಬಿದರೆ ಅದೇ ಬಟ್ಟಲಲ್ಲಿ ಗಣನೀಯವಾಗಿ ಹೆಚ್ಚು ಅನ್ನ ಹಿಡಿಯುತ್ತದೆ. ತೂಗುವಾಗ ಹೇಗೆ ತುಂಬಿದಿರೋ ಬಡಿಸುವಾಗಲೂ ಹಾಗೆಯೇ ತುಂಬಿ.